ಬೀಗರು ಹಾರಿಸಿದ ವಿಮಾನ

ಸುಳ್ಳು ಹೇಳಿದರೆ ಸಂಬಂಧ ಕೆಡುತ್ತದೆ. ಇದು ಎಲ್ಲರಿಗೂ ಗೊತ್ತು, ಇದನ್ನು ಹೇಳುವುದಕ್ಕೆ ಪ್ರವಚನ ಬೇಕಾಗಿಲ್ಲ. ಆದರೆ ಇಬ್ಬರೂ ನಿಜವನ್ನೇ ಹೇಳಿದಾಗಲೂ ಮನೆ ಒಡೆಯುತ್ತದಲ್ಲ, ಅದು ಹೇಗೆ? ಇಬ್ಬರ ಬಾಯಲ್ಲೂ ಸತ್ಯ, ಇಬ್ಬರ ಎದೆಯಲ್ಲೂ ಬೆಂಕಿ. ಅದು ಹೇಗೆ? ಬರೀ ಉಪದೇಶ ಮಾಡಿದರೆ ನಿಮಗೆ ತೂಕಡಿಕೆ ಬರುತ್ತದೆ, ನನಗೆ ಗೊತ್ತು. ಅದಕ್ಕೇ ಒಂದು ದೃಷ್ಟಾಂತ ಹೇಳುತ್ತೇನೆ. ಹಿಂದೆ ಬಿಸಿಲಲ್ಲಿ ಕುಳಿತ ತಾಯಂದಿರು ಸ್ವಲ್ಪ ಮುಂದೆ ಬನ್ನಿ. ಜಾಗ ಇದೆ, ಬನ್ನಿ.

ಒಂದು ಊರು ಅಂತ ಇಟ್ಟುಕೊಳ್ಳಿ. ತೀರ ದೊಡ್ಡದೂ ಅಲ್ಲ, ತೀರ ಸಣ್ಣದೂ ಅಲ್ಲ. ಆ ಊರಲ್ಲಿ ಇಬ್ಬರು ಬೀಗರು. ಮಗಳನ್ನು ಕೊಟ್ಟವನು ನಿಜಗುಣಪ್ಪ, ಸೊಸೆಯನ್ನು ತಂದುಕೊಂಡವನು ಅಡಿವೆಪ್ಪ. ನಿಜಗುಣಪ್ಪನದು ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ, ಟಿವಿ ರಿಪೇರಿ ಮಾಡುವ ಅಂಗಡಿ. ಅಡಿವೆಪ್ಪನದು ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ.

ಬೀಗರು ಅಂದರೆ ಹೇಗಿರುತ್ತಾರೆ, ನಿಮಗೆ ಗೊತ್ತೇ ಇದೆ. ಊಟಕ್ಕೆ ಕರೆಯದಿದ್ದರೆ ಸಿಟ್ಟು. ಕರೆದು, ಬಡಿಸಿ, ಮತ್ತೊಮ್ಮೆ ಹೋಳಿಗೆ ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡದಿದ್ದರೆ ಇನ್ನೂ ಸಿಟ್ಟು. ನಗಬೇಡಿ, ನಿಮ್ಮ ಮನೆಯ ಮಾತೇ ಹೇಳುತ್ತಿದ್ದೇನೆ. ಆದರೆ ಈ ಇಬ್ಬರು ಹಾಗಿರಲಿಲ್ಲ. ಮದುವೆ ಮುಗಿದ ಮೇಲೆ ಒಂದು ಸಂಜೆ ಅಡಿವೆಪ್ಪ ಸುಮ್ಮನೆ ಬೀಗರ ಅಂಗಡಿಗೆ ಬಂದ. ಮೇಜಿನ ಮೇಲೆ ಒಂದು ಸಣ್ಣ ಮೋಟಾರು ಇತ್ತು, ಅದರ ಮೂತಿಗೆ ಒಂದು ಪುಟ್ಟ ಫ್ಯಾನು. ನಿಜಗುಣಪ್ಪ ಗುಂಡಿ ಒತ್ತಿದ. ಅದು ಗುರ್ ಎಂದು ತಿರುಗಿ ಮೇಜಿನ ಮೇಲೆ ತಾನೇ ಮುಂದೆ ಓಡಿತು.

"ಏನ್ರಿ ಬೀಗರ, ಇದು ಗಾಳಿ ಬೀಸಾಕೋ, ಹಾರಾಕೋ?" ಎಂದ ಅಡಿವೆಪ್ಪ.

"ರೆಕ್ಕಿ ಇದ್ರ ಹಾರ್ತೈತ್ರಿ. ಸಣ್ಣವ ಇದ್ದಾಗಿಂದ ಆಸೆ ನನಗ. ಆದ್ರ ರೆಕ್ಕಿ ಮಾಡೂ ಕೈ ನಂದಲ್ಲ."

"ರೆಕ್ಕಿ ನಾ ಮಾಡಿಕೊಡ್ತೀನಿ. ಅದಕ್ಕೇನು?"

ಅಲ್ಲಿಂದ ಸುರು. ಒಬ್ಬನಿಗೆ ತಂತಿ, ಮೋಟಾರು, ಬ್ಯಾಟರಿ, ರಿಮೋಟು ಇವೆಲ್ಲ ಗೊತ್ತು. ಇನ್ನೊಬ್ಬನಿಗೆ ತೆಳ್ಳನೆ ಕಟ್ಟಿಗೆಯ ಪಟ್ಟಿ ಸೀಳುವುದು, ಮೂಲೆಗೆ ಮೂಲೆ ಕೂಡಿಸುವುದು ಗೊತ್ತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಅಡಿವೆಪ್ಪ ಬರುತ್ತಿದ್ದ. ಕಟ್ಟಿನ ಕಟ್ಟಿಗೆಯ ಪಟ್ಟಿಗಳಿಂದ ರೆಕ್ಕೆಯ ಎಲುಬು ಮಾಡಿದ, ಮೇಲೆ ಥರ್ಮಾಕೋಲು ಹಾಸಿದ, ಅದರ ಮೇಲೆ ಕೆಂಪು ಪ್ಲಾಸ್ಟಿಕ್ ಹಾಳೆ ಎಳೆದು ಅಂಟಿಸಿದ. ನಿಜಗುಣಪ್ಪ ಹೊಟ್ಟೆಯೊಳಗೆ ಬ್ಯಾಟರಿ ಕೂರಿಸಿದ, ಬಾಲಕ್ಕೆ ತಂತಿ ಎಳೆದ. ರಿಮೋಟಿನ ಕಡ್ಡಿ ಈ ಕಡೆ ಒತ್ತಿದರೆ ಬಾಲದ ಹಲಗೆ ಈ ಕಡೆ, ಆ ಕಡೆ ಒತ್ತಿದರೆ ಆ ಕಡೆ. ಮಗಳು ದಾನೇಶ್ವರಿ ಆಗಷ್ಟೇ ಬಸುರಿ. ತವರಿಗೆ ಬಂದಾಗ ಚಹಾ ತಂದುಕೊಟ್ಟು ಇಬ್ಬರನ್ನೂ ನೋಡಿ ನಗುತ್ತಿದ್ದಳು. "ಕೂಸು ಹುಟ್ಟೂಕಿಂತ ಮೊದ್ಲ ಕೂಸಿನ ಆಟಿಗಿ ಮಾಡಾಕ ಹತ್ತೀರಿ. ಅದೂ ಇಬ್ರೂ ಜಗಳಾಡದಂಗ!" ಎನ್ನುತ್ತಿದ್ದಳು. ಅವಳಿಗೆ ಅದೇ ಒಂದು ಸಂತೋಷ. ಹೆಣ್ಣುಮಗಳಿಗೆ ತವರು ಮತ್ತು ಅತ್ತೆಮನೆ ಎರಡೂ ಒಂದೇ ಮೇಜಿಗೆ ಕೂತು ಚಹಾ ಕುಡಿಯುವುದಕ್ಕಿಂತ ದೊಡ್ಡ ಭಾಗ್ಯ ಇನ್ನೇನಿದೆ ಹೇಳಿ?

ಜೋಳದ ಸುಗ್ಗಿ ಮುಗಿಯಿತು, ಹೊಲ ಬಯಲಾಯಿತು. ಒಂದು ಭಾನುವಾರ ಬೆಳಗ್ಗೆ ಎರಡೂ ಮನೆಯವರು ಊರ ಹೊರಗಿನ ಹೊಲಕ್ಕೆ ಹೋದರು. ಸುದ್ದಿ ತಿಳಿದು ಓಣಿಯವರೂ ಬಂದರು. ಹೊಲದ ಆ ತುದಿಗೆ, ಬದುವಿನ ಮೇಲೆ ಒಂದು ಹುಣಸೆ ಮರ. ಅದೊಂದೇ ಅಡ್ಡಿ. ನಿಜಗುಣಪ್ಪ ರಿಮೋಟು ಹಿಡಿದು ಈ ತುದಿಯಲ್ಲಿ ನಿಂತ. ಎದುರಿಗೆ ಎಳೆ ಬಿಸಿಲು, ಕಣ್ಣಿಗೆ ಹೊಡೆಯುತ್ತಿತ್ತು.

"ಬೀಗರ, ಇಲ್ಲಿಂದ ನನಗ ಮರಾ ಎಷ್ಟ ದೂರ, ವಿಮಾನ ಎಷ್ಟ ದೂರ ಅನ್ನೂದು ತಿಳಿಯೂದಿಲ್ಲ. ನೀವು ಆ ಮರದ ಹತ್ರ ನಿಂದರ್ರಿ. ವಿಮಾನ ಮರಕ್ಕ ಬಂತಂದ್ರ ಕೂಗಿ ಹೇಳ್ರಿ."

"ಎಡಕ್ಕ ಅಂದ್ರ ಎಡಕ್ಕ, ಬಲಕ್ಕ ಅಂದ್ರ ಬಲಕ್ಕ. ಅಷ್ಟ ಹೌದಲ್ರಿ?"

"ಅಷ್ಟರೀ."

ಎಷ್ಟು ಸರಳವಾದ ಒಪ್ಪಂದ ನೋಡಿ! ಇದರಲ್ಲಿ ತಪ್ಪು ಆಗುವುದಕ್ಕೆ ಏನಿದೆ? ಅಡಿವೆಪ್ಪ ಹೋಗಿ ಮರದ ಪಕ್ಕ ನಿಂತ, ಬೀಗನ ಕಡೆಗೆ ಮುಖ ಮಾಡಿ ನಿಂತ.

ಅಳಿಯ ಶಿವಯೋಗಿ ವಿಮಾನವನ್ನು ಎತ್ತಿ ಹಿಡಿದು ಮುಂದೆ ಓಡಿ ಕೈಬಿಟ್ಟ. ಅದು ಒಂದು ಸಲ ಕುಸಿಯಿತು. ಎಲ್ಲರೂ 'ಅಯ್ಯೋ' ಎನ್ನುವಷ್ಟರಲ್ಲಿ ಮೂತಿ ಎತ್ತಿತು, ಎತ್ತಿ ಮೇಲೇರಿತು. ಏರಿತು, ಏರಿತು, ಹದ್ದಿನ ಹಾಗೆ ಕೆಂಪು ರೆಕ್ಕೆ ಬಿಚ್ಚಿಕೊಂಡು ಹೊಲದ ಮೇಲೆ ಸುತ್ತಿತು. ನಿಜಗುಣಪ್ಪನ ಕಣ್ಣಲ್ಲಿ ನೀರು. ಜೀವಮಾನವೆಲ್ಲ ಬೇರೆಯವರ ಕೆಟ್ಟ ಡಬ್ಬಿಗಳ ಮೇಲೆ ಬಗ್ಗಿದ್ದ ಕುತ್ತಿಗೆ ಅವತ್ತು ಮೇಲೆ ನೋಡುತ್ತಿತ್ತು. ಅವನು ಅದನ್ನು ಒಂದು ಸುತ್ತು ತಂದ. ಇನ್ನೊಂದು ಸುತ್ತಿಗೆ ದೂರಕ್ಕೆ ಬಿಟ್ಟ. ಅಷ್ಟರಲ್ಲಿ ಗಾಳಿ ಎದ್ದಿತು. ವಿಮಾನ ಮರದ ಒಂದು ಬದಿಗೆ ತೀರ ಹತ್ತಿರ ಸಾಗಿತು.

"ಎಡಕ್ಕ! ಎಡಕ್ಕ ರೀ! ಎಡಕ್ಕ!" ಅಡಿವೆಪ್ಪ ಕೂಗಿದ.

ನಿಜಗುಣಪ್ಪ ಎಡಕ್ಕೆ ಒತ್ತಿದ. ವಿಮಾನ ತಿರುಗಿತು, ನೇರವಾಗಿ ಹೋಗಿ ಹುಣಸೆ ಮರಕ್ಕೆ ಬಡಿಯಿತು. ಒಂದು ರೆಕ್ಕೆ ಕೊಂಬೆಯಲ್ಲೇ ಉಳಿಯಿತು. ಉಳಿದದ್ದು ಬೊಡ್ಡೆಯ ಬುಡಕ್ಕೆ ಬಿದ್ದು ಪುಡಿಯಾಯಿತು.

ಓಣಿಯವರು ನಕ್ಕರು. ಜನ ನಗುತ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ನಗುವಿನ ಸದ್ದಿಗೆ ಬೀಗರಿಬ್ಬರ ತಲೆ ಬಿಸಿಯಾಯಿತು.

"ಎಡಕ್ಕಂದ್ರ ಬಲಕ್ಕ ತಿರುವಿದ್ರಲ್ರೀ!" ಎಂದ ಅಡಿವೆಪ್ಪ, ಮರದ ಕಡೆಯಿಂದ ಓಡಿಬಂದು.

"ಎಡಕ್ಕ ತಿರುವೀನಿ. ನೀವ ಸುಳ್ಳ ಕೂಗೀರಿ."

"ನಾ ಸುಳ್ಳ? ಕಣ್ಣ ಮುಂದ ಮರಾ ಐತಿ, ನಾ ಯಾಕ ಮರದ ಕಡೆ ಕಳಸ್ಲಿ?"

"ಫೋಟೋಕ್ಕ ಮೊಳಿ ಹೊಡ್ಯಾವ್ರಿಗೆ ಹಾರೂದು ಏನ ತಿಳೀತೈತಿ ಬಿಡ್ರಿ."

ಇದು ಚುಚ್ಚಿತು. ಚುಚ್ಚಿಸಿಕೊಂಡವನು ಸುಮ್ಮನಿರುತ್ತಾನೆಯೇ? ಅಡಿವೆಪ್ಪನ ಬಾಯಿಂದ ಬಂತು: "ನಿಮ್ಮ ಮನಿತನಾನ ಹಂಗ. ಹೇಳಿದ್ದು ಕಿವಿಗೆ ಬೀಳೂದಿಲ್ಲ. ನಿಮ್ಮ ಮಗಳೂ ಹಂಗ."

ದಾನೇಶ್ವರಿ ಅಲ್ಲೇ ನಿಂತಿದ್ದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಮರಕ್ಕೆ ಬಡಿದದ್ದು ಥರ್ಮಾಕೋಲಿನ ವಿಮಾನ. ಪೆಟ್ಟು ಬಿದ್ದದ್ದು ಯಾರಿಗೆ? ವಿಮಾನದ ಜಗಳದಲ್ಲಿ ಆ ಮಗಳ ಹೆಸರು ಯಾಕೆ ಬಂತು? ಅವಳು ರಿಮೋಟು ಮುಟ್ಟಿದ್ದಳೇ? ಎಡಕ್ಕೆ, ಬಲಕ್ಕೆ ಎಂದಿದ್ದಳೇ?

ಅಲ್ಲಿಗೆ ಸಂಜೆಯ ಚಹಾ ನಿಂತಿತು, ಮಾತು ನಿಂತಿತು. ನಿಜಗುಣಪ್ಪ ಅಂಗಡಿಯಲ್ಲಿ ಕುಳಿತು ಹೆಬ್ಬೆರಳನ್ನು ಎಡಕ್ಕೆ ಒತ್ತಿ ಒತ್ತಿ ನೋಡುತ್ತಿದ್ದ. ಹೌದು, ಎಡಕ್ಕೇ ಒತ್ತಿದ್ದೆ. ಅಂದು ತನ್ನ ಹಿಂದೆ ನಿಂತಿದ್ದವರನ್ನೆಲ್ಲ ಕೇಳಿದ. "ಹೌದ್ರಿ, ವಿಮಾನ ಎಡಕ್ಕ ತಿರುಗಿತು, ನಾವೂ ನೋಡೀವಿ" ಎಂದರು. ಅಡಿವೆಪ್ಪ ಮರದ ಹತ್ತಿರ ನಿಂತಿದ್ದವರನ್ನು ಕೇಳಿದ. "ನೀವು ಎಡಕ್ಕ ಅಂದ್ರಿ, ಅದು ಬಲಕ್ಕ ಹೋತು, ನಾವ ಸಾಕ್ಷಿ" ಎಂದರು. ಇಬ್ಬರಿಗೂ ಸಾಕ್ಷಿ ಸಿಕ್ಕಿತು ನೋಡಿ! ಸಾಕ್ಷಿ ಸಿಗದ ಜಗಳ ಒಂದು ದಿನ ತಾನೇ ದಣಿದು ಮಲಗುತ್ತದೆ. ಸಾಕ್ಷಿ ಸಿಕ್ಕ ಜಗಳಕ್ಕೆ ಸೊಕ್ಕು ಬರುತ್ತದೆ.

ಅಡಿವೆಪ್ಪನ ಮನೆಯಲ್ಲಿ ಸೊಸೆಗೆ ಸೀಮಂತದ ಕುಬಸ ಮಾಡಿದರು. ನಿಜಗುಣಪ್ಪ ಹೆಂಡತಿ ಬಸಲಿಂಗವ್ವಳ ಕೈಯಲ್ಲಿ ಸೀರೆ, ಹೂವು ಕೊಟ್ಟು ಕಳಿಸಿದ. ತಾನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕುಳಿತ. ಹಸಿರು ಸೀರೆ ಉಟ್ಟು ಕುಳಿತ ಮಗಳು ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಬಸಲಿಂಗವ್ವ ಬಂದು ಹಾಗೆ ಹೇಳಿದಳು. ಆ ದಿನ ನಿಜಗುಣಪ್ಪನಿಗೆ ಊಟ ಸೇರಲಿಲ್ಲ. ಸೇರದಿದ್ದರೂ 'ನಾನು ಎಡಕ್ಕೇ ಒತ್ತಿದ್ದೆ' ಎನ್ನುವುದನ್ನು ಮಾತ್ರ ಬಿಡಲಿಲ್ಲ.

ದಾನೇಶ್ವರಿ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಅಡಿವೆಪ್ಪ ಆಸ್ಪತ್ರೆಗೆ ಹೋಗಿ ಕೂಸನ್ನು ನೋಡಿದ, ಆದರೆ ನಿಜಗುಣಪ್ಪ ಅಲ್ಲಿರದ ಹೊತ್ತು ನೋಡಿಕೊಂಡು ಹೋದ. ದೊಡ್ಡವರ ಬೆಂಕಿ ಚಿಕ್ಕವರ ಮನೆಗೂ ಹತ್ತಿತು. ಒಂದು ಮಧ್ಯಾಹ್ನ ಶಿವಯೋಗಿ ಬಂದು ಹೆಂಡತಿಯ ಮಂಚದ ತುದಿಗೆ ಕುಳಿತ. ಚಹಾ ಮುಟ್ಟಲಿಲ್ಲ.

"ತೊಟ್ಲ ಕಾರ್ಯ ನಮ್ಮನ್ಯಾಗ ಮಾಡ್ತಾರಂತ ಅಪ್ಪ. ನಿಮ್ಮಪ್ಪ ಬರೂದಿಲ್ಲಂದ್ರ ಬ್ಯಾಡಂತ" ಎಂದ.

"ತವರ ಮನ್ಯಾಗ ಮಾಡೂ ಪದ್ಧತಿ. ನಮ್ಮಪ್ಪ ಏನ ತಪ್ಪು ಮಾಡ್ಯಾನ? ಎಡಕ್ಕಂದ್ರ ಎಡಕ್ಕ ತಿರುವ್ಯಾನ."

"ಹಂಗಾರ ನಮ್ಮಪ್ಪ ಸುಳ್ಳ ಹೇಳ್ಯಾನೇನು?"

"ನಾ ಹಂಗಂದ್ನಾ?"

"ಇನ್ನೇನಂದಿ ಮತ್ತ?"

ಅವನು ಎದ್ದು ಹೋದ. ಹೊರಗೆ ಪಡಸಾಲೆಯಲ್ಲಿದ್ದ ನಿಜಗುಣಪ್ಪನಿಗೆ ಒಳಗಿನ ಅಳು ಕೇಳಿಸಿತು. "ಅವ್ವಾ, ನಾ ಎರಡೂ ಮನೀಗೆ ಬ್ಯಾಡಾದ್ನಿ" ಎನ್ನುತ್ತಿದ್ದಳು ಮಗಳು.

ತಂದೆಯಾದವರು ಇಲ್ಲಿ ಬಹಳ ಮಂದಿ ಕುಳಿತಿದ್ದೀರಿ. ಆ ಮಾತು ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಆದರೆ ನಿಜಗುಣಪ್ಪ ಏನು ಮಾಡಬೇಕು? ಸೋತೆ ಎಂದು ಹೇಳಬೇಕೇ? ಎಡಕ್ಕೆ ಒತ್ತಿದವನು 'ಬಲಕ್ಕೆ ಒತ್ತಿದೆ' ಎಂದು ಸುಳ್ಳು ಹೇಳಬೇಕೇ? ಅವನಿಗೆ ದಾರಿ ಕಾಣಲಿಲ್ಲ. ಸುಮ್ಮನೆ ಒಳಗೆ ಹೋಗಿ ಮಂಚದ ಬದಿಗೆ ಕುಳಿತ. ದಾನೇಶ್ವರಿ ಗೋಡೆಯ ಕಡೆ ತಿರುಗಿಕೊಂಡಳು. ಕೂಸು ಅಂಗಾತ ಮಲಗಿ, ಕಾಲು ಇವನ ಕಡೆ ಮಾಡಿ, ಇವನ ಮುಖವನ್ನೇ ನೋಡುತ್ತಿತ್ತು. ಬಸಲಿಂಗವ್ವ ಬಜೆಯ ಮಣಿ ಪೋಣಿಸಿದ ಕರಿ ದಾರ ತಂದು ಗಂಡನ ಕೈಗಿಟ್ಟಳು.

"ಕುಂತೀರಲ್ಲ, ಇದನ್ನ ಕೂಸಿನ ಎಡಗೈಗೆ ಕಟ್ರಿ. ನನ್ನ ಕೈಗೆಲ್ಲ ಎಣ್ಣಿ ಆಗೈತಿ."

ಆ ಸಣ್ಣ ಮುಂಗೈಯನ್ನು ಹಿಡಿದ. ಎಷ್ಟು ಮೆತ್ತಗೆ! ಸೋಲ್ಡರ್ ಮಾಡಿ ಮಾಡಿ ಒರಟಾದ ಬೆರಳಿನಿಂದ ಮೆಲ್ಲಗೆ ಗಂಟು ಬಿಗಿದ. ಕಟ್ಟಿ ಮುಗಿಸಿದ.

"ಎಡಗೈಗೆ ಅಂದ್ನೆಲ್ರಿ?" ಎಂದಳು ಬಸಲಿಂಗವ್ವ.

"ಎಡಗೈಗೇ ಕಟ್ಟೀನಿ."

"ಎಲ್ಲೈತ್ರಿ ಎಡಗೈ? ಅದು ಬಲಗೈ."

"ಏ, ಕಣ್ಣ ಕಾಣಸ್ತಾವಿಲ್ಲೋ ನಿನಗ? ಈ ಕಡೆ ಎಡಾ, ಈ ಕಡೆ ಬಲಾ."

"ಅದು ನಿಮ್ಮ ಎಡಾ ರೀ. ಕೂಸಿನ ಎಡಾ ಆ ಕಡೆ ಐತಿ."

ನಿಜಗುಣಪ್ಪ ಕೂಸನ್ನು ನೋಡಿದ. ತನ್ನ ಎಡಗೈ ನೋಡಿಕೊಂಡ. ಮತ್ತೆ ಕೂಸನ್ನು ನೋಡಿದ. ಎದುರಿಗೆ ಮಲಗಿದೆ, ತನ್ನ ಕಡೆಗೇ ಮುಖ ಮಾಡಿದೆ. ಹಾಗೆಯೇ ಎದುರಿಗೆ, ಹುಣಸೆ ಮರದ ಪಕ್ಕ, ತನ್ನ ಕಡೆಗೇ ಮುಖ ಮಾಡಿ ಒಬ್ಬ ಮನುಷ್ಯ ನಿಂತಿದ್ದ. ಗಂಟಲು ಹರಿಯುವಂತೆ ಎಡಕ್ಕೆ, ಎಡಕ್ಕೆ ಎಂದು ಕೂಗಿದ್ದ. ಯಾರ ಎಡ? ಅವನ ಎಡ! ತಾನು ಒತ್ತಿದ್ದು ಯಾರ ಎಡ? ತನ್ನ ಎಡ! ಇವನ ಎಡ ಎಲ್ಲಿದೆಯೋ ಅಲ್ಲಿ ಅವನ ಬಲ.

"ಅಯ್ಯೋ ಶಿವನ! ಬೀಗರು ಖರೇನ ಹೇಳಿದ್ರು" ಎಂದ. "ನಾನೂ ಖರೇನ ತಿರುವಿದ್ನಿ."

ಗೋಡೆಯ ಕಡೆ ತಿರುಗಿದ್ದ ಮಗಳು ಇತ್ತ ತಿರುಗಿದಳು. "ಏನಂದ್ಯಪ್ಪಾ?" ಎಂದಳು. ಅವನು ದಾರ ಬಿಚ್ಚಿ ಕೂಸಿನ ಎಡಗೈಗೆ ಕಟ್ಟಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಪೇಟೆಯವರೆಗೆ ಕಾಲು ಓಡಿದವು. ಅಂಗಡಿ ಕಂಡ ಕೂಡಲೇ ನಿಂತವು. ಇದು ನೋಡಿ, ಮನುಷ್ಯನ ಸ್ವಭಾವ. ಬುದ್ಧಿಗೆ ಗೊತ್ತಾದದ್ದು ಕಾಲಿಗೆ ಇಳಿಯುವುದು ತಡ. 'ನಾನೇ ಯಾಕೆ ಮೊದಲು ಹೋಗಬೇಕು' ಎನ್ನುವ ಒಂದು ಯೋಚನೆ ಬರುತ್ತದೆ. ನಿಜಗುಣಪ್ಪನಿಗೂ ಬಂತು. ಎದುರು ಅಂಗಡಿಯ ನೆರಳಲ್ಲಿ ನಿಂತು ನೋಡಿದ. ಅಡಿವೆಪ್ಪ ಬಗ್ಗಿ ಗಾಜು ಕೊಯ್ಯುತ್ತಿದ್ದ. ಮೊದಲಿಗಿಂತ ಇಳಿದು ಹೋಗಿದ್ದ. ಕತ್ತಿನ ಎಲುಬು ಕಾಣುತ್ತಿತ್ತು. ಆಗ ರಸ್ತೆ ದಾಟಿದ.

"ಬೀಗರ, ಸ್ವಲ್ಪ ಎದ್ದು ನಿಂದರ್ರಿ."

ಅಡಿವೆಪ್ಪ ತಲೆ ಎತ್ತಿದ. ಗಾಬರಿಯಾದ. "ಯಾಕ? ಕೂಸು ಆರಾಮೈತಿಲ್ಲೋ?"

ಏನು ಕೇಳಿದ ನೋಡಿ! ಇಷ್ಟು ತಿಂಗಳ ಮುನಿಸಿನ ಮೇಲೆ ಬಾಯಿಂದ ಬಂದ ಮೊದಲ ಮಾತು ಕೂಸಿನದು.

"ಆರಾಮೈತ್ರಿ. ನೀವು ಎದ್ದು ನಿಂದರ್ರಿ. ನನ್ನ ಕಡೆ ಮಾರಿ ಮಾಡ್ರಿ. ಈಗ ಎಡಗೈ ಎತ್ರಿ."

ಅಡಿವೆಪ್ಪ ಗೊಂದಲದಲ್ಲಿ ಎತ್ತಿದ. ನಿಜಗುಣಪ್ಪ ತಾನೂ ಎಡಗೈ ಎತ್ತಿದ. ಒಬ್ಬನ ಕೈ ರಸ್ತೆಯ ಈ ತುದಿಯ ಬಾವಿ ಕಡೆ, ಒಬ್ಬನ ಕೈ ಆ ತುದಿಯ ಬ್ಯಾಂಕಿನ ಕಡೆ. ಗಿರಾಕಿಗಳು ನಿಂತು ನೋಡಿದರು. ಅಡಿವೆಪ್ಪ ತನ್ನ ಕೈ ನೋಡಿದ, ಬೀಗನ ಕೈ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕುಳಿತ.

"ಇಷ್ಟ ಏನ್ರಿ?"

"ಇಷ್ಟರೀ."

"ಇಷ್ಟಕ್ಕ ನಾ ಮರದಾಗ ಉಳಿದ ಆ ರೆಕ್ಕೀನ ಬಚ್ಚಲ ಒಲಿಗೆ ಹಾಕಿ ಜಳಕಾ ಮಾಡಿದ್ನಲ್ರಿ!"

ಇಬ್ಬರಿಗೂ ನಗು ಬಂತು. ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಯಾಕೆ? ಎಡ ಬಲದ ಲೆಕ್ಕವೇನೋ ಸರಿಹೋಯಿತು. ಆಡಿದ ಮಾತು? ಅದನ್ನು ಸರಿಪಡಿಸುವವರು ಯಾರು? ತಿಳಿವಳಿಕೆಯ ತಪ್ಪನ್ನು ತಿಳಿವಳಿಕೆಯಿಂದ ತಿದ್ದಬಹುದು. ನಾಲಿಗೆಯ ತಪ್ಪನ್ನು ನಾಲಿಗೆಯಿಂದಲೇ ತಿದ್ದಬೇಕು.

ನಿಜಗುಣಪ್ಪ ಮೊದಲು ಹೇಳಿದ. "ಮೊಳಿ ಹೊಡ್ಯಾವ್ರು ಅಂತ ಅಂದ್ನೆಲ್ಲ, ಅದು ದೊಡ್ಡ ತಪ್ಪು. ನಿಮ್ಮ ಕೈ ಇರಲಿಕ್ರ ನನ್ನ ಮೋಟಾರು ಮೇಜಿನ ಮ್ಯಾಲ ಓಡ್ಕೊಂಡಿರ್ತಿತ್ತು."

ಅಡಿವೆಪ್ಪ ಕೈಯ ಮೇಲಿನ ಗಾಜಿನ ಪುಡಿ ಒರೆಸಿಕೊಂಡ. "ನಾ ಅಂದದ್ದಕ್ಕ ನಿಮ್ಮ ಮುಂದ ತಪ್ಪು ಅಂದ್ರ ಆಗೂದಿಲ್ಲ. ನಡೀರಿ" ಎಂದ.

ಅಂಗಡಿ ಮುಚ್ಚಿ ಬೀಗನ ಜೊತೆ ನಡೆದ. ಪಡಸಾಲೆ ದಾಟಿ ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ನಿಂತ. ದಾನೇಶ್ವರಿ ಸೆರಗು ಸರಿಮಾಡಿಕೊಂಡು ಎದ್ದು ಕುಳಿತಳು.

"ಯವ್ವಾ, ಅವತ್ತ ಹೊಲದಾಗ ನಿನ್ನ ಹೆಸರ ತಗದದ್ದು ನನ್ನ ತಪ್ಪು. ಸಿಟ್ಟು ಯಾರ ಮ್ಯಾಲಿತ್ತು, ಪೆಟ್ಟು ಯಾರಿಗೆ ಕೊಟ್ನಿ. ಹೇಳಿದ ಮಾತು ನನ್ನ ಸೊಸಿನ ಕೇಳಲಿಕ್ರ ಮತ್ಯಾರು ಕೇಳ್ಯಾರು?"

ಅವಳು 'ಇರಲಿ ಬಿಡಿ ಮಾವ' ಎನ್ನಲಿಲ್ಲ. ನೋವಾದದ್ದು ನಿಜ, ಅದನ್ನು ಇಲ್ಲ ಎಂದು ಹೇಳಲಿಲ್ಲ. ಕಣ್ಣೊರೆಸಿಕೊಂಡಳು. ಆಮೇಲೆ ಕೂಸನ್ನು ಎತ್ತಿಕೊಂಡು ಹೇಳಿದಳು:

"ಮೊದ್ಲ ಕೈ ತೊಳ್ಕೊಂಡ ಬರ್ರಿ ಮಾವಾರ. ಗಾಜಿನ ಪುಡಿ ಇರ್ತೈತಿ. ಆಮ್ಯಾಲ ಎತ್ಕೊಳ್ರಂತ."

ತೊಟ್ಟಿಲ ಕಾರ್ಯ ತವರಲ್ಲೇ ಆಯಿತು. ಅಡಿವೆಪ್ಪನ ಮನೆಯವರೆಲ್ಲ ಬಂದರು. ಶಿವಯೋಗಿ ಚಹಾ ಕುಡಿದ, ಇನ್ನೊಂದು ಕಪ್ಪೂ ಕೇಳಿದ.

ವಿಮಾನ? ಅದನ್ನು ಕೇಳಬೇಕೆಂದು ಕುಳಿತಿದ್ದೀರಿ, ಗೊತ್ತು. ಮತ್ತೆ ಮಾಡಿದರು. ಮುಂದಿನ ಸುಗ್ಗಿ ಮುಗಿದ ಮೇಲೆ ಅದೇ ಹೊಲಕ್ಕೆ ಹೋದರು. ಈ ಸಲ ಒಬ್ಬ ಇಲ್ಲಿ, ಒಬ್ಬ ಅಲ್ಲಿ ನಿಲ್ಲಲಿಲ್ಲ. ಇಬ್ಬರೂ ಒಂದೇ ಕಡೆ, ಹೆಗಲಿಗೆ ಹೆಗಲು ಹಚ್ಚಿ ನಿಂತರು. ಎಡ, ಬಲ ಎನ್ನುವ ಮಾತನ್ನೇ ಬಿಟ್ಟರು. 'ಹುಣಸೆ ಕಡೆ', 'ಹಾದಿ ಕಡೆ' ಎಂದರು. ಹುಣಸೆ ಮರ ಇಬ್ಬರಿಗೂ ಒಂದೇ, ಹಾದಿ ಇಬ್ಬರಿಗೂ ಒಂದೇ. ರಿಮೋಟು ಅಡಿವೆಪ್ಪನ ಕೈಯಲ್ಲಿತ್ತು, ಅವನಿಗೆ ಅದು ಹೊಸದು.

"ಹಾದಿ ಕಡೆ, ಹಾದಿ ಕಡೆ... ಹಾಂ, ಇನ್ನಷ್ಟು... ಈಗ ಮೆಲ್ಲಕ ಇಳಸ್ರಿ" ಎಂದು ನಿಜಗುಣಪ್ಪ ಕಿವಿಯಲ್ಲಿ ಹೇಳುತ್ತಿದ್ದ.

ವಿಮಾನ ಮರವನ್ನು ದಾಟಿತು, ಸುತ್ತಿ ಬಂತು. ಇಳಿಯುವಾಗ ಅಡಿವೆಪ್ಪ ಅವಸರ ಮಾಡಿದ. ಅದು ಮೂತಿ ಕೆಳಗೆ ಮಾಡಿ ನೇಗಿಲು ಹೊಡೆದ ಕಪ್ಪು ಮಣ್ಣಿಗೆ ನುಗ್ಗಿತು. ಒಂದು ಪಲ್ಟಿ ಹೊಡೆಯಿತು. ಗಾಲಿ ಒಂದು ಕಡೆ, ಫ್ಯಾನು ಒಂದು ಕಡೆ. ಹೌದು, ಮತ್ತೆ ಬಿತ್ತು! ಬೀಳುವುದು ನಿಂತೇಹೋಯಿತು ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ಈ ಸಲ ಇಬ್ಬರೂ ಒಟ್ಟಿಗೆ ಓಡಿದರು, ಪಂಚೆ ಎತ್ತಿ ಕಟ್ಟಿಕೊಂಡು ಮಣ್ಣಿನ ಹೆಂಟೆ ಹಾರುತ್ತ ಓಡಿದರು. ನಿಜಗುಣಪ್ಪ ಅದನ್ನು ಎತ್ತಿ ಮಣ್ಣು ಊದಿದ.

"ರೆಕ್ಕಿ ಗಟ್ಟಿ ಅದಾವ್ರಿ ಬೀಗರ!"

"ಮೋಟಾರು ಸುಡಲಿಲ್ಲಲ್ಲ?"

"ಇಲ್ಲ. ಸಂಜೀ ಮುಂದ ಬರ್ರಿ, ಗಾಲಿ ಕೂಡ್ಸೋಣು."

ಇಷ್ಟೇ ಕಥೆ. ಈಗ ನಿಮ್ಮ ಕಡೆ ಬರೋಣ.

ನಿಮ್ಮ ಮನೆಯಲ್ಲಿ ವಿಮಾನ ಇಲ್ಲದಿರಬಹುದು. ಅಣ್ಣತಮ್ಮಂದಿರು ಇದ್ದಾರಲ್ಲ? ಅತ್ತೆಸೊಸೆ ಇದ್ದಾರಲ್ಲ? 'ದಿನವೆಲ್ಲ ದುಡಿದು ಬಂದೆ, ಒಂದು ಮಾತು ಕೇಳುವವರಿಲ್ಲ' ಎನ್ನುತ್ತಾನೆ ಗಂಡ. ನಿಜವೇ. 'ದಿನವೆಲ್ಲ ನಾಲ್ಕು ಗೋಡೆಯೊಳಗೆ ದುಡಿದೆ, ಮಾತಾಡಿಸುವವರಿಲ್ಲ' ಎನ್ನುತ್ತಾಳೆ ಹೆಂಡತಿ. ಅದೂ ನಿಜವೇ. ಇಬ್ಬರೂ ಎದುರುಬದುರು ನಿಂತು ಎಡಕ್ಕೆ, ಎಡಕ್ಕೆ ಎಂದು ಕೂಗುತ್ತಿದ್ದಾರೆ. ಕೂಗು ಜೋರಾದಷ್ಟೂ ಮರ ಹತ್ತಿರ ಬರುತ್ತದೆ. ನಾಳೆಯಿಂದ ಇದನ್ನು ಮಾಡಿ. ಮನೆಯವರು ಹೇಳಿದ ಮಾತು ನಿಮಗೆ ಸುಳ್ಳು ಎನಿಸಿದರೆ, ಸುಳ್ಳು ಎನ್ನುವ ಮೊದಲು 'ನೀನು ಎಲ್ಲಿ ನಿಂತು ನೋಡುತ್ತಿದ್ದೀಯ?' ಎಂದು ಕೇಳಿ. ಕೇಳಿ, ಅವರಿದ್ದಲ್ಲಿಗೆ ಹೋಗಿ ಒಮ್ಮೆ ನೋಡಿ. ಸೊಸೆ ನಿಂತ ಒಲೆಯ ಮುಂದೆ ಒಂದು ದಿನ ಅತ್ತೆ ನಿಲ್ಲಲಿ. ತಮ್ಮ ಉಳುವ ಆ ಕಲ್ಲುಹೊಲದಲ್ಲಿ ಒಂದು ದಿನ ಅಣ್ಣ ನೇಗಿಲು ಹಿಡಿಯಲಿ. ಆಮೇಲೆ ಮಾತಾಡಿ. ಮತ್ತು ತಾಯಂದಿರೇ, ತಂದೆಗಳೇ, ಜಗಳ ಯಾವುದರದೋ ಅದರದೇ ಇರಲಿ. ಅದರೊಳಗೆ ಮಗಳನ್ನು ಎಳೆಯಬೇಡಿ, ತವರನ್ನು ಎಳೆಯಬೇಡಿ. ಎಳೆದಿದ್ದರೆ ಅವರ ಹೊಸ್ತಿಲಿಗೇ ಹೋಗಿ ತಪ್ಪಾಯಿತು ಎನ್ನಿ, ಬೇರೆಯವರ ಕೈಯಲ್ಲಿ ಹೇಳಿ ಕಳಿಸಬೇಡಿ.

ಈ ಚಪ್ಪರದಲ್ಲೇ ಒಬ್ಬರ ಮುಖ ಒಬ್ಬರು ನೋಡಬಾರದೆಂದು ಆ ಕಂಬಕ್ಕೆ ಒಬ್ಬರು, ಈ ಕಂಬಕ್ಕೆ ಒಬ್ಬರು ಒರಗಿ ಕುಳಿತವರಿದ್ದೀರಿ. ನಾನು ಹೆಸರು ಹೇಳುವುದಿಲ್ಲ. ಈಗ ಪ್ರಸಾದಕ್ಕೆ ಏಳುತ್ತೀರಿ, ಪಂಕ್ತಿಗಳು ಎದುರುಬದುರು ಹಾಕಿದ್ದಾರೆ. ಎದುರು ಕೂರಬೇಡಿ. ಹೋಗಿ ಅವರ ಪಕ್ಕಕ್ಕೆ ಕೂತುಕೊಳ್ಳಿ.